ಹದಿನೇಳು ಸೆಂಟಿಮೀಟರ್

ಯಂಕಣ್ಣ ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತ. ಇಪ್ಪತ್ತಾರು ಹಾಳೆ. ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದ ಸಾಲುಗಳು ಇನ್ನೂರ ಹದಿನಾಲ್ಕು. ತಾನೇ ಕೂತು ಎಣಿಸಿದ್ದಾಗಿ ಹೇಳಿದ.

“ಎಲ್ಲಾ ಕಡೆ ಒಂದ ಮಾತ ಅದ ನೋಡ್ರಿ. ಟ್ಯಾಂಪರ್. ನಮಗ ಇಂಗ್ಲಿಷ್ ಅಷ್ಟಕ್ಕಷ್ಟ, ವಕೀಲರನ್ನ ಕೇಳಿಕೊಂಡ ಬಂದೀನಿ. ಕೈಯಾಡಿಸೋದು ಅಂತ ಅರ್ಥ ಅಂತ. ಇದನ್ನ ನಾವ್ ಹೇಳಾಕತ್ತಿಲ್ಲ, ನಿಮ್ಮ ಪೆಟ್ಟಿಗಿ ಹೇಳಾಕತ್ತದ.”

ಶಹಾಪುರದ ಬಸ್ ನಿಲ್ದಾಣದ ಹಿಂದೆ, ಹತ್ತಿಯ ಅಡತಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಕಚೇರಿ ಅದು. ಒಳಗೆ ಇದ್ದವರು ಮೂವರು. ಕಚೇರಿಯ ಮಾಲೀಕ ಸುರಪುರದ ದೇವಿಂದ್ರ. ಅವನ ಕೈಕೆಳಗೆ ಮೂರು ವರ್ಷದಿಂದ ಕೋಡ್ ಬರೆಯುತ್ತಿದ್ದ, ದಿನಾ ಯಾದಗಿರಿಯಿಂದ ಬಸ್ಸಿಗೆ ಬಂದು ಹೋಗುವ ಪಂಚಶೀಲಾ. ಮತ್ತು ಕಾಲುವೆಯ ನೀರು ಹಂಚಿಕೊಳ್ಳುವ ರೈತರ ಸಂಘದ ಕಾರ್ಯದರ್ಶಿ ಯಂಕಣ್ಣ.

ದೇವಿಂದ್ರ ತಯಾರಿಸಿದ ಪೆಟ್ಟಿಗೆಯನ್ನು ಸಂಘದವರು ಎರಡು ವರ್ಷದ ಹಿಂದೆ ದೋರನಹಳ್ಳಿ ಸೀಮೆಯ ಒಂಬತ್ತನೇ ಗೇಟಿಗೆ ಕೂರಿಸಿದ್ದರು. ಗೇಟಿನ ಪಕ್ಕದಲ್ಲಿ ಸಿಮೆಂಟಿನ ರಿಂಗ್ ಇಳಿಸಿ ಮಾಡಿದ ಒಂದು ಸಣ್ಣ ಬಾವಿ ಇದೆ. ಕಾಲುವೆಯಲ್ಲಿ ನೀರು ಎಷ್ಟಿದೆಯೋ ಬಾವಿಯಲ್ಲೂ ಅಷ್ಟೇ ನಿಲ್ಲುತ್ತದೆ. ಬಾವಿಯ ಬಾಯಿಗೆ ಅಡ್ಡ ಹಾಕಿದ ಕಬ್ಬಿಣದ ಪಟ್ಟಿಗೆ ಸೆನ್ಸರ್ ಬಿಗಿದಿತ್ತು. ಅದು ಮನುಷ್ಯರ ಕಿವಿಗೆ ಕೇಳಿಸದ ಒಂದು ಸದ್ದನ್ನು ಕೆಳಗೆ ಬಿಡುತ್ತದೆ. ಸದ್ದು ನೀರಿಗೆ ತಾಗಿ ಮರಳಲು ಹಿಡಿದ ವೇಳೆಯಿಂದ ನೀರಿನ ಮಟ್ಟ ತಿಳಿಯುತ್ತದೆ. ಈ ಸಲ ಎರಡು ತಿಂಗಳಿಂದ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ತಲುಪಿರಲಿಲ್ಲ. ಗೇಟು ನೋಡಿಕೊಳ್ಳುವವನು ಬಾಷುಮಿಯಾ. ಅವನು ಸೆನ್ಸರಿಗೆ ಏನಾದರೂ ಅಡ್ಡ ಹಿಡಿದು, ಬೇಕಾದವರಿಗೆ ಗೇಟು ಎತ್ತಿ ಕೊಡುತ್ತಾನೆ ಎಂಬುದು ಸಂಘದವರ ಗುಮಾನಿ.

“ಐತವಾರ ಮೀಟಿಂಗ್ ಅದ. ಅವತ್ತ ಅವನನ್ನ ತಗೀತೀವಿ,” ಎಂದ ಯಂಕಣ್ಣ. “ಬರೇ ಬಾಯ್ಲೆ ಹೇಳಿದ್ರ ಅವನ ಕಡೆ ಮಂದಿ ಒಪ್ಪಂಗಿಲ್ಲ. ನಿಮ್ಮ ಲೆಟರ್‌ಹೆಡ್ ಮ್ಯಾಲ ನಾಕ್ ಸಾಲ ಬರದು ಸಹಿ ಮಾಡಿ ಕೊಡ್ರಿ.”

ದೇವಿಂದ್ರ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ. ಸಂಘ ಇನ್ನೂ ಹನ್ನೊಂದು ಗೇಟುಗಳಿಗೆ ಪೆಟ್ಟಿಗೆ ಕೇಳಿತ್ತು.

“ಸರ್,” ಎಂದಳು ಪಂಚಶೀಲಾ, “ಇವತ್ತ ಮಂಗಳವಾರ ಅಲ್ರಿ. ಐತವಾರದ ತನಕ ಟೈಮ್ ಅದ. ಒಮ್ಮೆ ಡ್ರೈವರ್ ನೋಡ್ತೀನಿ.”

“ಡ್ರೈವರ್ ಯಾಕವ್ವ? ನಾ ಗಾಡಿ ಮ್ಯಾಲ ಬಂದೀನಿ,” ಎಂದ ಯಂಕಣ್ಣ.

ದೇವಿಂದ್ರ ನಕ್ಕ. ಅವಳು ನಗಲಿಲ್ಲ. ಡ್ರೈವರ್ ಎಂದರೆ ಪೆಟ್ಟಿಗೆಯೊಳಗಿನ ಸಣ್ಣ ಕಂಪ್ಯೂಟರಿನ ಕರ್ನಲ್‌ನಲ್ಲಿ, ಎಲ್ಲಕ್ಕಿಂತ ಒಳಗಿನ ಪದರದಲ್ಲಿ ಕೂತು, ಸೆನ್ಸರಿನೊಂದಿಗೆ ಮಾತಾಡುವ ಕೋಡ್. ಅದಕ್ಕೆ ಕಂಡದ್ದನ್ನು ಅದು ಒಂದೊಂದು ಸಾಲಾಗಿ ಬರೆದಿಡುತ್ತದೆ, ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ಹುಡುಕುವವರಿಗೆ ಅನುಕೂಲವಾಗಲಿ ಎಂದು. ಆ ಸಾಲುಗಳನ್ನು ಓದಬೇಕಾದವರು ಅವಳಂಥವರು. ಅವು ಯಂಕಣ್ಣನ ಕೈಗೆ ಕೆಂಪು ಗೆರೆಯೊಂದಿಗೆ ಬಂದಿರುವುದೇ ಅವಳಿಗೆ ಸರಿಕಾಣಲಿಲ್ಲ. ಇಪ್ಪತ್ತಾರು ಹಾಳೆಯನ್ನು ಅವನಿಗೆ ತೆಗೆದುಕೊಟ್ಟವರು ಯಾರು ಎಂದು ಕೇಳಬೇಕೆನಿಸಿತು. ದೇವಿಂದ್ರನ ಮುಖ ನೋಡಿ ಸುಮ್ಮನಾದಳು.

ಯಂಕಣ್ಣ ಹೋದ ಮೇಲೆ ಅವಳು ಕೋಡ್ ತೆರೆದಳು.

ಎಂಟುನೂರು ಸಾಲು. ಅಳತೆ ಸಿಗದೆ ಡ್ರೈವರ್ ಕೈಚೆಲ್ಲುವ ಸಂದರ್ಭಗಳು ಐದಿದ್ದವು. ಸೆನ್ಸರ್ ಉತ್ತರವನ್ನೇ ಕೊಡದಿರುವುದು, ಬಿಸಿಲಿಗೆ ತುಂಬುವ ಬ್ಯಾಟರಿ ಇಳಿದಿರುವುದು, ಬಿಟ್ಟ ಸದ್ದು ಮರಳದಿರುವುದು, ತೀರಾ ದೂರದಿಂದ ಮರಳುವುದು, ತೀರಾ ಹತ್ತಿರದಿಂದ ಮರಳುವುದು. ಐದೂ ಕಡೆಯಿಂದ ಕೋಡ್ ಒಂದೇ ಜಾಗಕ್ಕೆ ಜಿಗಿದು ಒಂದೇ ಸಾಲು ಬರೆಯುತ್ತಿತ್ತು: ಅಳತೆ ಕೆಟ್ಟಿದೆ, ಕೈಯಾಡಿಸಿರಬಹುದು. ಇಂಗ್ಲಿಷಿನಲ್ಲಿದ್ದ ಆ ಸಾಲಿನ ‘ಇರಬಹುದು’ ಎಂಬ ಭಾಗಕ್ಕೆ ಯಂಕಣ್ಣ ಗೆರೆ ಎಳೆದಿರಲಿಲ್ಲ.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಬ್ಯಾಟರಿ ಇಳಿದರೂ ಯಾರೋ ಕೈಯಾಡಿಸಿರಬಹುದು. ಒಳಗೆ ತಂತಿ ಸಡಿಲವಾದರೂ ಯಾರೋ ಕೈಯಾಡಿಸಿರಬಹುದು. ಕೋಡಿಗೆ ಗೊತ್ತಿದ್ದದ್ದು ಒಂದು, ಅದು ಬಾಯಿಬಿಟ್ಟು ಹೇಳಿದ್ದು ಇನ್ನೊಂದು. ಯಾರು ಬರೆದದ್ದು ಎಂದು ತಿಳಿಯಲು ಆ ಸಾಲಿನ ಇತಿಹಾಸ ತೆಗೆದಳು. ಪ್ರತಿ ಸಾಲನ್ನೂ ಕೊನೆಗೆ ಮುಟ್ಟಿದವರ ಹೆಸರು ಅಲ್ಲಿ ಇರುತ್ತದೆ.

ಪಂಚಶೀಲಾ ಎಂದಿತ್ತು.

ಹಿಂದಿನ ವರ್ಷದ ಮಾರ್ಚಿನ ತಾರೀಕು. ಅವಳು ಮಾಡಿದ್ದು ಇಷ್ಟೇ: ಸಾಲಿನ ಮುಂದೆ ಹೆಚ್ಚಾಗಿದ್ದ ಎರಡು ಖಾಲಿ ಜಾಗ ತೆಗೆದು, ಮೇಲಿನ ಸಾಲಿಗೆ ನೇರ ಮಾಡಿದ್ದಳು. ಮಾತನ್ನು ಬರೆದದ್ದು ಅದಕ್ಕೂ ಮೊದಲು, ದೇವಿಂದ್ರ. ಆದರೂ ಅವಳ ಕಣ್ಣು ಆ ಮಾತಿನ ಮೇಲೆ ಹಾದುಹೋಗಿತ್ತು. ಸಾಲು ನೇರವಾಗಿದೆಯೋ ಇಲ್ಲವೋ ನೋಡಿದಳೇ ಹೊರತು, ಅದು ಹೇಳುತ್ತಿರುವುದು ನಿಜವೋ ಅಲ್ಲವೋ ನೋಡಿರಲಿಲ್ಲ.

“ಸರ್, ಈ ಮಾತ ನೀವ್ ಯಾಕ ಹಾಕಿದ್ರಿ?”

ದೇವಿಂದ್ರ ಪರದೆಯತ್ತ ಬಗ್ಗಿ ನೋಡಿ ನೆಟ್ಟಗಾದ. “ಆವಾಗ ಪೆಟ್ಟಿಗಿ ಯಾರೂ ತಗೊಳಾಕತ್ತಿರಲಿಲ್ಲ. ನೀರ ಅಳೀತದ ಅಂದ್ರ, ಕೋಲು ಅದಲಾ ಅಂತಿದ್ರು. ಕಳ್ಳನ್ನ ಹಿಡೀತದ ಅಂದ ಮ್ಯಾಲ ತಗೊಂಡ್ರು. ಹಿಡೀತದ ಅಂದ ಮ್ಯಾಲ ಏನರ ಬರೀಬೇಕಲಾ.”

“ಈಗ ಒಬ್ಬಾತನ ಕೆಲಸ ಹೋಗ್ತದ.”

“ಅವ ಕಳ್ಳ ಅಲ್ಲ ಅಂತ ನಿನಗೇನ ಗೊತ್ತು?”

ಗೊತ್ತಿರಲಿಲ್ಲ. ಅದೇ ಅವಳಿಗೆ ಚುಚ್ಚಿದ್ದು.

ಬುಧವಾರ ಮಧ್ಯಾಹ್ನದವರೆಗೆ ಕೂತು ಅವಳು ಐದು ಸಂದರ್ಭಕ್ಕೂ ಐದು ಬೇರೆ ಸಾಲು ಬರೆದಳು. ಪ್ರತಿ ಸಾಲಿನಲ್ಲೂ ಕಂಡ ಅಂಕಿ ಇರಬೇಕು, ಯಾಕಿರಬಹುದು ಎಂಬ ಊಹೆ ಇರಬಾರದು. ಸದ್ದು ಇಷ್ಟು ಸೆಂಟಿಮೀಟರಿನಿಂದ ಮರಳಿತು, ಇಪ್ಪತ್ತೈದಕ್ಕಿಂತ ಕಡಿಮೆ, ಲೆಕ್ಕಕ್ಕೆ ಹಿಡಿದಿಲ್ಲ. ಬ್ಯಾಟರಿ ಇಷ್ಟಿದೆ. ಸೆನ್ಸರ್ ಉತ್ತರಿಸಲಿಲ್ಲ. ಹಳೆಯದು ಗಂಟೆಗೊಮ್ಮೆ ಅಳೆಯುತ್ತಿತ್ತು. ಅದನ್ನು ನಿಮಿಷಕ್ಕೊಮ್ಮೆ ಮಾಡಿದಳು. ಆಮೇಲೆ ಯಾದಗಿರಿ ಬಸ್ ಹಿಡಿದು ದೋರನಹಳ್ಳಿಯಲ್ಲಿ ಇಳಿದು, ಟಂಟಂ ಆಟೋದಲ್ಲಿ ಗೇಟಿನ ತನಕ ಹೋದಳು.

ಕಾಲುವೆಯ ಒಡ್ಡಿನುದ್ದಕ್ಕೂ ಭತ್ತದ ಗದ್ದೆ. ದಾರಿಯಲ್ಲಿ ಒಡ್ಡಿನ ಮಣ್ಣಿನೊಳಗೆ ಅಲ್ಲಲ್ಲಿ ಕಪ್ಪು ಪೈಪುಗಳು ಇಳಿದದ್ದನ್ನು ಅವಳು ನೋಡಿದಳು. ಏಳನೆಯದರ ತನಕ ಎಣಿಸಿ ಬಿಟ್ಟಳು. ಬಾಷುಮಿಯಾ ಗೇಟಿನ ಕಟ್ಟೆಯ ಮೇಲೆ ಕೂತಿದ್ದ. ಐವತ್ತೈದು ದಾಟಿದವ, ಬಿಳಿ ಗಡ್ಡ, ಮೊಣಕಾಲ ತನಕ ಮಡಚಿದ ಪೈಜಾಮ. ಅವಳು ಪೆಟ್ಟಿಗೆ ತೆರೆದು ಲ್ಯಾಪ್‌ಟಾಪ್ ಜೋಡಿಸಿದಾಗ ಅವನು ಎದ್ದು ಬರಲಿಲ್ಲ. ಏನು ಮಾಡುತ್ತಿದ್ದೀ ಎಂದು ಕೇಳಲಿಲ್ಲ.

“ಚಾಚಾ, ಇದಕ್ಕ ಏನರ ಅಡ್ಡ ಬಂದಿತ್ತೇನ್ರಿ?”

“ನಾ ಮುಟ್ಟಿಲ್ಲ.”

“ನೀವ್ ಮುಟ್ಟೀರಿ ಅನ್ನಲಿಲ್ಲ. ಅಡ್ಡ ಬಂದಿತ್ತೇನು ಅಂದೆ.”

ಅವನು ಗದ್ದೆಯ ಕಡೆ ನೋಡಿದ. ನೋಡಿ, ಕೂಡಲೇ ಕಣ್ಣು ತೆಗೆದ. “ನಾ ಮುಟ್ಟಿಲ್ಲ ಬೇಟಿ,” ಎಂದು ಮತ್ತೆ ಅದನ್ನೇ ಅಂದ.

ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಹಾಗೆ ಖಾತ್ರಿಯಾದ ಕೂಡಲೇ ತನ್ನ ಬಗ್ಗೆ ಹೇಸಿಗೆಯೂ ಆಯಿತು. ಶಾಲೆಯಲ್ಲಿ ಯಾರದೇ ಕಂಪಾಸ್ ಪೆಟ್ಟಿಗೆ ಕಳೆದರೂ ಮಾಸ್ತರರು ಮೊದಲು ಬಿಚ್ಚಿಸುತ್ತಿದ್ದದ್ದು ಅವಳ ಓಣಿಯ ಮಕ್ಕಳ ಚೀಲ. ಚೀಲ ಕೊಟ್ಟು ನೆಲ ನೋಡುತ್ತ ನಿಂತರೆ, ನೆಲ ಯಾಕೆ ನೋಡುತ್ತೀ ಎನ್ನುತ್ತಿದ್ದರು. ಅದೆಲ್ಲ ಗೊತ್ತಿದ್ದೂ ಅವಳು ಈಗ ಈ ಮನುಷ್ಯನ ಕಣ್ಣು ಎತ್ತ ಹೋಯಿತೆಂದು ಅಳೆಯುತ್ತಿದ್ದಳು. ಹೊಸ ಡ್ರೈವರ್ ಹಾಕಿ, ಪೆಟ್ಟಿಗೆ ಮುಚ್ಚಿ, ಹೋಗಿ ಬರುತ್ತೇನೆಂದು ಹೇಳಿದಳು. ಅವನು ತಲೆ ಮಾತ್ರ ಆಡಿಸಿದ.

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ ಹೊಸ ಸಾಲುಗಳು ಕಚೇರಿಯ ಪರದೆಯ ಮೇಲೆ ಬರತೊಡಗಿದವು. ಹದಿನೇಳು ಸೆಂಟಿಮೀಟರ್. ಮುಂದಿನ ನಿಮಿಷ ಹದಿನೆಂಟು. ಹದಿನೇಳು. ಹದಿನಾರು. ಮತ್ತೆ ಹದಿನೇಳು. ಮಧ್ಯಾಹ್ನ ಒಂದು ಗಂಟೆ ಎಂಟು ನಿಮಿಷದ ತನಕ ಹೀಗೇ ನಡೆದು, ಆಮೇಲೆ ನೀರಿನ ಮಟ್ಟ ಸಿಕ್ಕಿತು: ನೂರ ಹದಿನೆಂಟು.

ದೇವಿಂದ್ರ ಹಿಂದೆ ಬಂದು ನಿಂತಿದ್ದ. “ನೋಡು. ಮೂರೂವರೆ ತಾಸು ಅಡ್ಡ ಇಟ್ಟಾನ. ಈಗರ ಬರದು ಕೊಡು.”

“ಅಡ್ಡ ಏನೋ ಅದ ಸರ್, ಖರೆ. ಅವನ ಇಟ್ಟಾನ ಅಂತ ಇದರಾಗೆಲ್ಲಿ ಬರದದ?”

“ಮತ್ತ ದೆವ್ವ ಇಟ್ಟದೇನು?”

ಅವಳಿಗೆ ಬಿಡಿಸಲಾಗದೆ ಉಳಿದದ್ದು ಆ ಹದಿನಾರು, ಹದಿನೆಂಟು. ಹಲಗೆಯೋ ತಗಡೋ ಅಡ್ಡ ಇಟ್ಟಿದ್ದರೆ ಅಂಕಿ ಒಂದೇ ನಿಲ್ಲಬೇಕಿತ್ತು. ಇದು ಅಲ್ಲಾಡುತ್ತಿತ್ತು. ಗಾಳಿಗೆ ತೂಗುವ ಹಾಗೆ ಸ್ವಲ್ಪವೇ ಹೋಗಿ ಬರುತ್ತಿತ್ತು. ಕದಿಯುವವನು ನೇತುಹಾಕುವಂಥದ್ದು ಏನಿರುತ್ತದೆ?

ಶುಕ್ರವಾರವೂ ಒಂಬತ್ತೂ ಮುಕ್ಕಾಲರ ಹೊತ್ತಿಗೆ ಹದಿನೇಳು ಬಂತು. ಅವಳು ಊಟಕ್ಕೂ ಏಳದೆ ಪರದೆಯ ಮುಂದೆ ಕೂತಳು. ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಹದಿನೇಳು ಹೋಗಿ ನೂರ ಹದಿನೆಂಟು ಬಂತು. ಕೂಡಲೇ ಬಾಷುಮಿಯಾನಿಗೆ ಫೋನ್ ಹಚ್ಚಿದಳು. ಅಡ್ಡ ಇಟ್ಟದ್ದನ್ನು ತೆಗೆಯುತ್ತಿರುವಾಗಲೇ ಕೇಳಿದರೆ ದನಿಯಲ್ಲಿ ಸಿಕ್ಕಿಬೀಳುತ್ತಾನೆ ಎಂಬ ಲೆಕ್ಕ.

ಎತ್ತಿದ್ದು ಅವನ ಹೆಂಡತಿ ದಾವಲಬೀ. “ಅವ್ರು ನಮಾಜಿಗಿ ಹೋಗ್ಯಾರ. ಫೋನ್ ಮನ್ಯಾಗ ಬಿಟ್ಟ ಹೋಗ್ಯಾರ. ಯಾರ ನೀವು?”

“ಗೇಟಿನ ಪೆಟ್ಟಿಗಿ ಕಡಿಂದ ಮಾತಾಡಾಕತ್ತೀನ್ರಿ. ಅವ್ರು ಗೇಟಿನ ಹತ್ರ ಇಲ್ಲೇನು ಈಗ?”

“ಜುಮ್ಮಾ ದಿನ ಹನ್ನೆರಡಕ್ಕ ಅಲ್ಲಿಂದ ಬಿಡ್ತಾರ, ಮೂರಕ್ಕ ಹೋಗ್ತಾರ. ಹದಿಮೂರು ವರ್ಷ ಆತು, ಯಾರೂ ಕೇಳಿದ್ದಿಲ್ಲ. ಓ, ಆ ಪೆಟ್ಟಿಗಿ ಮಾಡಿದಾಕಿ ನೀನ ಏನು?” ದಾವಲಬೀಯ ದನಿ ಏರಿತು. “ಒಂದ ಮಾತ ಹೇಳವ್ವ. ಆ ಪೆಟ್ಟಿಗಿಗಿ ಮನಿ ಮಂದಿ ಯಾರೂ ಇಲ್ಲಲಾ. ಅದಕ್ಕ ಹಂಗ ಬೇಕಾದವರನ್ನ ಕಳ್ಳ ಅಂತದ.”

ಪಂಚಶೀಲಾ ಫೋನ್ ಇಟ್ಟಳು. ಹೆಂಡತಿ ಗಂಡನ ಪರವಾಗಿ ಸುಳ್ಳು ಹೇಳುತ್ತಿರಬಹುದು ಎಂದೂ ಅನ್ನಿಸಿತು. ಆ ವಾರವೆಲ್ಲ ಅವಳಿಗೆ ಯಾರ ಮಾತೂ ಪೂರ್ತಿ ಇಳಿಯುತ್ತಿರಲಿಲ್ಲ. ಯಂಕಣ್ಣನ ಇಪ್ಪತ್ತಾರು ಹಾಳೆಯನ್ನು ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಪಕ್ಕ ಇಟ್ಟುಕೊಂಡು ದಿನದಿನವಾಗಿ ಹೊಂದಿಸಿದಳು. ಇನ್ನೂರ ಹದಿನಾಲ್ಕರಲ್ಲಿ ಇನ್ನೂರು ಸಾಲು ಹತ್ತು, ಹನ್ನೊಂದು, ಹನ್ನೆರಡು, ಒಂದು ಗಂಟೆಯವು. ಎರಡು ಗಂಟೆಗೆ ಪ್ರತಿಸಲವೂ ಅಳತೆ ಸರಿಯಾಗಿತ್ತು. ಎಂಟು ಶುಕ್ರವಾರವೂ ಹಾಗೇ. ಹನ್ನೆರಡಕ್ಕೆ ಹೋದವನು ಮೂರಕ್ಕೆ ಬರುತ್ತಾನೆ. ಅಡ್ಡ ಇದ್ದದ್ದು ಅದರ ನಡುವೆ ಹೋಗಿಬಿಟ್ಟಿರುತ್ತದೆ.

ಇನ್ನೊಂದು ಕಂಡಿತು. ವಾರಕ್ಕೊಂದು ದಿನ ಒಂದೂ ಸಾಲಿರಲಿಲ್ಲ. ಅದು ಸಂತೆಯ ದಿನ. ಅದು ಬಿಟ್ಟು ಎರಡು ತಿಂಗಳಲ್ಲಿ ಇನ್ನೆರಡು ದಿನ ಖಾಲಿ. ಎರಡೂ ಅಮಾವಾಸ್ಯೆ. ಅವಳು ಕ್ಯಾಲೆಂಡರಿನ ಕಪ್ಪು ಚುಕ್ಕೆಯ ಮೇಲೆ ಬೆರಳಿಟ್ಟು ನಿಂತಳು. ಬಾಷುಮಿಯಾ ಅಮಾವಾಸ್ಯೆ ಹಿಡಿಯುವವನಲ್ಲ. ಅಮಾವಾಸ್ಯೆಯ ದಿನ ಈ ಸೀಮೆಯಲ್ಲಿ ಹೊಲಕ್ಕೆ ಹೋಗದವರು ಯಾರು? ಕೂಲಿಯವರು. ಅವಳ ಅಜ್ಜಿಯೂ ಹೋಗುತ್ತಿರಲಿಲ್ಲ.

ಶನಿವಾರ ಒಂಬತ್ತಕ್ಕೇ ಅವಳು ಗೇಟಿನ ಹತ್ತಿರ ಇದ್ದಳು. ಕಾಲುವೆಯ ಆಚೆಯಿಂದ ಎಂಟು ಜನ ಹೆಂಗಸರು ಸಾಲಾಗಿ ಬಂದರು, ಸೀರೆ ಎತ್ತಿ ಕಟ್ಟಿಕೊಂಡು, ತಲೆಯ ಮೇಲೆ ಬುತ್ತಿ ಗಂಟು ಹೊತ್ತು. ಬಾಷುಮಿಯಾ ಜೋರಾಗಿ ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ಮುಂದಿದ್ದ ಹೆಂಗಸು ಲಕ್ಷ್ಯ ಕೊಡದೆ, ಕಟ್ಟೆಯ ಸಂದಿಯಿಂದ ಒಂದು ಹಗ್ಗ ತೆಗೆದು, ಎಂಟೂ ಗಂಟನ್ನೂ ಎರಡು ಮಜ್ಜಿಗೆ ಬಾಟಲಿಯನ್ನೂ ಅದಕ್ಕೆ ಕಟ್ಟಿ, ಸಿಮೆಂಟ್ ರಿಂಗಿನ ಬಾವಿಯೊಳಗೆ ಇಳಿಬಿಟ್ಟಳು. ಹಗ್ಗದ ಇನ್ನೊಂದು ತುದಿಯನ್ನು ಸೆನ್ಸರ್ ಬಿಗಿದ ಪಟ್ಟಿಗೇ ಗಂಟು ಹಾಕಿದಳು. ಒಂಬತ್ತು ಗಂಟೆ ನಲವತ್ತು ನಿಮಿಷ. ಪಂಚಶೀಲಾಳ ಮೊಬೈಲಿನಲ್ಲಿ ಹದಿನೇಳು ಬಂತು.

“ಯಾಕ ಯವ್ವಾ, ರೊಟ್ಟಿ ಗಂಟ ನೋಡಿಲ್ಲೇನ ಎಂದೂ?” ಎಂದಳು ಆ ಹೆಂಗಸು. ಅವಳ ಹೆಸರು ರೇಣಮ್ಮ. “ಹಂಗ್ಯಾಕ ಬಾಯಿ ತಕ್ಕೊಂಡ ನಿಂತಿ?”

“ಇಲ್ಲಿ ಯಾಕ ಕಟ್ಟತೀರಿ?”

“ಬದುವಿನ ಮ್ಯಾಲ ಇಟ್ರ ನಾಯಿ ಒಯ್ತಾವ. ಗಿಡಕ್ಕ ಹಾಕೋಣ ಅಂದ್ರ ಗಿಡ ಒಂದೂ ಉಳಿಸಿಲ್ಲ ಸಾಹುಕಾರ್ರು. ಬಾವ್ಯಾಗ ತಂಪ ಇರ್ತದ, ಮಜ್ಜಿಗಿ ಹುಳಿ ಆಗಂಗಿಲ್ಲ. ಒಂದ ಗಂಟಿಗಿ ಬಂದು ತಗೊಂಡ ಉಣ್ಣತೀವಿ. ಏನ್ ಆತು?”

“ಯಾರ ಹೊಲಕ್ಕ ಬರ್ತೀರಿ?”

ರೇಣಮ್ಮ ಎದುರಿನ ಗದ್ದೆಯತ್ತ ಕೈ ತೋರಿಸಿದಳು. “ಯಂಕಣ್ಣ ಸಾಹುಕಾರ್ರದು. ಮದಲ ನಾಟಿ ಆತು, ಈಗ ಕಳಿ ತಗಿಯಾಕತ್ತೀವಿ.”

ಹೆಂಗಸರು ಗದ್ದೆಗೆ ಇಳಿದ ಮೇಲೆ ಪಂಚಶೀಲಾ ಬಾಷುಮಿಯಾನ ಪಕ್ಕ ಕೂತಳು. ಕಾಲುವೆಯ ನೀರು ಗೇಟಿನ ಕೆಳಗೆ ಸದ್ದು ಮಾಡುತ್ತಿತ್ತು.

“ಹಗ್ಗ ನಾನ ಕೊಟ್ಟೀನಿ,” ಎಂದ ಅವನು ಕೊನೆಗೆ.

“ಮತ್ತ ಹೇಳಬೇಕಲ್ರಿ ಚಾಚಾ. ಕಳ್ಳ ಅನ್ನಾಕತ್ತಾರ ನಿಮಗ.”

“ರೊಟ್ಟಿ ಕಟ್ಟಿದ್ರ ಆ ಪೆಟ್ಟಿಗಿಗಿ ಏನಾಗ್ತದ ಅಂತ ನನಗ ಯಾರ ಹೇಳ್ಯಾರ? ಅದು ಕಳ್ಳನ್ನ ನೋಡ್ತದ, ನೀ ಮುಟ್ಟಬ್ಯಾಡ ಅಂದ್ರು. ಮುಟ್ಟಿಲ್ಲ. ನೀ ಬಂದು ಅಡ್ಡ ಏನರ ಬಂತೇನು ಅಂತ ಕೇಳಿದಿ ನೋಡು, ಆವಾಗ ಹೊಳೀತು.” ಅವನು ಗಡ್ಡ ಕೆರೆದುಕೊಂಡ. “ಹೇಳಿದ್ರ ಏನಾಗ್ತದ? ನಾಳಿಯಿಂದ ಬರಬ್ಯಾಡ್ರಿ ಅಂತಾರ ಇವ್ರಿಗಿ. ನನ್ನ ಒಬ್ಬನ್ನ ತಗೀತಿದ್ರು, ಎಂಟ ಮಂದಿನೂ ಕೂಡೇ ತಗೀತಾರ.”

ಅವಳು ಎದ್ದು ಹಗ್ಗ ಬಿಚ್ಚಿ, ಗಂಟುಗಳನ್ನು ಗೇಟಿನ ಕಂಬಿಗೆ, ನೆರಳಿದ್ದ ಕಡೆ ಕಟ್ಟಿದಳು. ಅಂದು ಸಂಜೆಯವರೆಗೂ ಪೆಟ್ಟಿಗೆ ಒಂದೂ ಅಳತೆ ತಪ್ಪಿಸಲಿಲ್ಲ. ನೂರ ಹದಿನೆಂಟು, ನೂರ ಹದಿನೆಂಟು, ನೂರ ಹತ್ತೊಂಬತ್ತು. ಆ ಮೂರೂವರೆ ತಾಸಿನಲ್ಲಿ ಗೇಟಿನ ಹತ್ತಿರ ನೀರು ಏರಲೂ ಇಲ್ಲ, ಇಳಿಯಲೂ ಇಲ್ಲ.

ಶಹಾಪುರಕ್ಕೆ ಮರಳಿ ಎಲ್ಲವನ್ನೂ ದೇವಿಂದ್ರನಿಗೆ ಹೇಳಿದಳು. ಅವನು ಕೇಳಿದ. ಹನ್ನೊಂದು ಗೇಟಿನ ಮಾತು ಎತ್ತಲಿಲ್ಲ. ಲೆಟರ್‌ಹೆಡ್ ಪ್ಯಾಡನ್ನು ಅವಳ ಕಡೆ ಸರಿಸಿ, “ನಿನ್ನ ಹೆಸರ್ಲೆ ಬರಿ,” ಎಂದು ಹೇಳಿ ಚಹಾ ಕುಡಿಯಲು ಕೆಳಗೆ ಇಳಿದು ಹೋದ. ಅದು ಒಪ್ಪಿಗೆಯೋ ಕೈತೊಳೆದುಕೊಂಡದ್ದೋ ಅವಳಿಗೆ ತಿಳಿಯಲಿಲ್ಲ.

ಐತವಾರ ದೋರನಹಳ್ಳಿಯಲ್ಲಿ, ಸಂಘದ ಕೋಣೆಯಲ್ಲಿ ಮೂವತ್ತು ಜನ ಸೇರಿದ್ದರು. ಬಾಷುಮಿಯಾ ಬಾಗಿಲ ಹತ್ತಿರ ನಿಂತಿದ್ದ. ಯಾರೂ ಕೂರು ಎನ್ನಲಿಲ್ಲ. ಪಂಚಶೀಲಾ ತನ್ನ ಕಾಗದವನ್ನು ತಾನೇ ಓದಿದಳು. ಟ್ಯಾಂಪರ್ ಎಂಬುದು ಪೆಟ್ಟಿಗೆಗೆ ಕಂಡದ್ದಲ್ಲ, ಕೋಡ್ ಬರೆದವರ ಊಹೆ. ಅದನ್ನು ನೋಡಿಯೂ ಹಾಗೇ ಬಿಟ್ಟದ್ದು ನನ್ನ ತಪ್ಪು. ಇನ್ನೂರು ಸಾಲಿನ ಹೊತ್ತು ಬಾವಿಯೊಳಗೆ ನೇತುಬಿಟ್ಟ ವಸ್ತುವಿಗೆ ಹೊಂದುತ್ತದೆ. ಎಂಟು ಶುಕ್ರವಾರ ಗೇಟಿನವನು ಅಲ್ಲಿ ಇಲ್ಲದ ವೇಳೆಯಲ್ಲೇ ಅದನ್ನು ತೆಗೆಯಲಾಗಿದೆ. ವಸ್ತು ಇಲ್ಲದ ದಿನ ಮಟ್ಟ ಒಂದೇ ಸಮ ಇತ್ತು. ಉಳಿದ ಹದಿನಾಲ್ಕು ಸಾಲಿನ ಕಾರಣ ಗೊತ್ತಿಲ್ಲ.

“ನೇತು ಹಾಕಿದವರು ಯಾರು?” ಎಂದ ಯಂಕಣ್ಣ.

“ಅದು ಪೆಟ್ಟಿಗಿಗಿ ಕಾಣಂಗಿಲ್ರಿ.”

“ನಿಮಗ ಕಂಡದಲಾ.”

ಅವಳು ಕಾಗದ ಮಡಚಿದಳು. ಬಾಗಿಲ ಕಡೆಯಿಂದ ಬಾಷುಮಿಯಾ ಅಂದ, “ಬುತ್ತಿ ಗಂಟದಾವ. ಹಗ್ಗ ಕೊಟ್ಟಾವ ನಾನು. ಕಟ್ಟಿದವರು ನಿಮ್ಮ ಹೊಲದಾಗ ಕಳಿ ತಗಿಯಾಕತ್ತಾರ, ಕೇಳಬೇಕಂದ್ರ ಹೋಗಿ ಕೇಳ್ರಿ.”

ಯಾರೋ ಹಿಂದೆ ನಕ್ಕರು. ಯಂಕಣ್ಣನ ಕಿವಿ ಕೆಂಪಾಯಿತು. ಮೂಲೆಯಲ್ಲಿದ್ದ ಒಬ್ಬ ಮುದುಕ, ಕಾಲುವೆಯ ಕೊನೆಯ ಹೊಲದವನು, ನಿಧಾನಕ್ಕೆ ಕೇಳಿದ: “ಗೇಟಿನ ಹತ್ರ ನೀರ ಇಳಿದಿಲ್ಲ ಅಂದ್ರ, ನಮ್ಮ ತನಕ ಬರೋದ್ರಾಗ ಎಲ್ಲಿ ಹೋಗ್ತದಪ್ಪ ಅದು?”

ಒಬ್ಬ ಮೊಬೈಲ್ ತೆಗೆದು ನೋಡಿಕೊಂಡ. ಇನ್ನೊಬ್ಬ ಎದ್ದು ಫ್ಯಾನಿನ ವೇಗ ಹೆಚ್ಚಿಸಲು ಹೋದ, ಕರೆಂಟೇ ಇರಲಿಲ್ಲ. ಪಂಚಶೀಲಾಗೆ ಒಡ್ಡಿನ ಕಪ್ಪು ಪೈಪುಗಳು ನೆನಪಾದವು. ಈ ಕೋಣೆಯಲ್ಲಿ ಅವು ಎಷ್ಟು ಜನರವೋ, ಅವಳಿಗೆ ಗೊತ್ತಿರಲಿಲ್ಲ. ಕೂತವರಿಗೆ ಒಬ್ಬೊಬ್ಬರದೂ ಗೊತ್ತಿತ್ತು.

ಕೊನೆಗೆ ಯಂಕಣ್ಣ ಅಂದ, “ಆತು. ಸದ್ಯ ಬಾಷುಮಿಯಾನ್ನ ತಗಿಯೋದು ಬ್ಯಾಡ. ಆದ್ರ ಆ ಹದಿನಾಲ್ಕು ಅದಾವಲ್ಲ, ಅವಕ್ಕ ಜವಾಬು ಸಿಕ್ಕಿಲ್ಲ. ಅದು ನೆನಪಿರ್ಲಿ ಎಲ್ಲಾರಿಗಿ.”

ಹೊರಗೆ ಬಂದಾಗ ಬಾಷುಮಿಯಾ ಬೇವಿನ ಗಿಡದ ಕೆಳಗೆ ಅವಳಿಗಾಗಿ ಕಾದಿದ್ದ. ಕಾಗದವನ್ನು ಮತ್ತೊಮ್ಮೆ ಓದು ಎಂದ. ಓದಿದಳು. ಕೊನೆಯ ಸಾಲಿಗೆ ಕೈ ಅಡ್ಡ ಮಾಡಿದ.

“ಅದನ್ನ ತಗಿ.”

“ಗೊತ್ತಿಲ್ಲ ಅಂತ ಬರದೀನಿ ಚಾಚಾ. ಬ್ಯಾಟರಿ ಇಳಿದಿರಬೇಕು ಅಂತ ನನಗ ಅನಸ್ತದ, ಆದ್ರ ಹಳಿ ಸಾಲಿನಾಗ ಅದು ಇಲ್ಲ. ನೀವ್ ಮಾಡೀರಿ ಅಂತ ನಾ ಬರದಿಲ್ಲ.”

“ನಿನಗ ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅಂತ. ಅವರಿಗಿ ಗೊತ್ತಿಲ್ಲ ಅಂದ್ರ ನಾನು ಅಂತ.” ಅವನು ಅವಳನ್ನು ನೇರವಾಗಿ ನೋಡಿದ, ಅಷ್ಟು ದಿನದಲ್ಲಿ ಅದು ಮೊದಲ ಸಲ. ಆ ನೋಟದಲ್ಲಿ ಉಪಕಾರದ ಭಾವವೇನೂ ಇರಲಿಲ್ಲ. “ಈಗ ಹೊಸಾದು ಹಾಕೀಯಲಾ, ಅದು ನನ್ನ ಬಗ್ಗೆ ಏನ್ ಬರೀತದ?”

“ನಿಮ್ಮ ಬಗ್ಗೆ ಬರಿಯಂಗಿಲ್ಲ. ಕಂಡ ಅಂಕಿ ಅಷ್ಟ.”

“ಅಂಕಿನ ಇನ್ನೂರ ಹದಿನಾಕು ಆಗಿದ್ದು.” ಅವನು ಅವಳ ಮೊಬೈಲಿನ ಕಡೆ ಬೆರಳು ತೋರಿಸಿದ. “ದಿನಾ ಸಂಜಿಗಿ ಫೋನ್ ಮಾಡು. ಏನೇನ್ ಬರದದ ಎಲ್ಲಾ ನನಗ ಓದಿ ಹೇಳು. ಅವರಿಗಿಂತ ಮದಲ ನನಗ ಗೊತ್ತಾಗಬೇಕು.”

ಸೋಮವಾರ ಸಂಜೆ ಐದೂವರೆಗೆ ಬಸ್ಸಿಗೆ ಹೊರಡುವ ಮೊದಲು ಅವಳು ಫೋನ್ ಮಾಡಿದಳು. ಅಂದು ಮೋಡ ಮುಚ್ಚಿತ್ತು.

“ಒಂದ ಸಾಲ ಅದ ಚಾಚಾ. ನಾಕ್ ಗಂಟಿ ಆರ್ ನಿಮಿಷ. ಬ್ಯಾಟರಿ ಇಳಿದದ, ಅಳತಿ ಹಿಡಿದಿಲ್ಲ.”

“ಬ್ಯಾಟರಿ ಅಂದ್ರ ನಾನಲ್ಲಲಾ?”

“ನೀವಲ್ರಿ. ಬಿಸಿಲಿಲ್ಲ ಇವತ್ತ, ಅದಕ್ಕ.”

“ಬಿಸಿಲಿಲ್ಲ ಅಂತ ಅದರಾಗ ಬರದದೇನು?”

ಅವಳು ಪರದೆ ನೋಡಿದಳು. “ಇಲ್ಲ. ಅದು ನಾನ ಅಂದೆ.”

“ಹಂಗಾದ್ರ ಅದು ಬ್ಯಾಡ,” ಎಂದ ಬಾಷುಮಿಯಾ. ಆಚೆ ಕಡೆ ಕಾಗದ ಮಗುಚಿದ ಸದ್ದು ಕೇಳಿಸಿತು. ದಾವಲಬೀ ಏನೋ ಕೇಳಿದಳು, ಅವನು ತಡಿ ಎಂದ. “ಬರದದ್ದಷ್ಟ ಓದು. ಸಾವಕಾಶ. ನಾನೂ ಬರಕೊಳ್ತೀನಿ.”

ಅವಳು ಮೊದಲಿನಿಂದ ಓದಿದಳು.